ಶೇಂಗಾ ಪ್ರೋಟೀನಿನ ಪೆಪ್ಟೈಡ್‌ಗಳು ಬೇರೆಯಾಗುತ್ತಿಲ್ಲ

ದಾವಣಗೆರೆ ವಿದ್ಯಾರ್ಥಿನಿ:
ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ತಂದ ಶೇಂಗಾ ಹಿಂಡಿಯ ಪ್ರೋಟೀನನ್ನು ಕಿಣ್ವವಾದ ಟ್ರಿಪ್ಸಿನ್‌ನಿಂದ ಪೆಪ್ಟೈಡ್ ಎಂಬ ಚಿಕ್ಕ ತುಂಡುಗಳಾಗಿ ತುಂಡರಿಸಿ, ಅವನ್ನು ಬೇರ್ಪಡಿಸುವ ಸಿ18 ಕಾಲಂಗೆ ಹಾಕಿದ್ದೇನೆ. ತುಂಡುಗಳನ್ನು ಕಾಲಂನಿಂದ ಹೊರಗೆಳೆಯುವ ದ್ರಾವಕ ಅಸಿಟೋನೈಟ್ರೈಲ್ 30 ನಿಮಿಷದಲ್ಲಿ ಶೇ. 5ರಿಂದ 80ಕ್ಕೆ ಏರುತ್ತದೆ, ಆಮ್ಲ ಶೇ. 0.1 ಟಿಎಫ್ಎ (ಟ್ರೈಫ್ಲೂರೊಅಸಿಟಿಕ್ ಆಮ್ಲ). ಎಲ್ಲವೂ ಒಂದೇ ಗುಡ್ಡವಾಗಿ ಹೊರಬರುತ್ತಿವೆ, ತುಂಡುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಂಕೇತವೂ ಕ್ಷೀಣ. ಕಾಲಂ ಬದಲಿಸಬೇಕೇ?

ಕೋಟೆಯೂರಿನವ:
ಕಾಲಂ ಪಾಪ, ಅದನ್ನು ಬಿಡಿ. ಟ್ರಿಪ್ಸಿನ್ ಲೈಸಿನ್ ಮತ್ತು ಆರ್ಜಿನೈನ್ ಎಂಬ ಅಮೈನೋ ಆಮ್ಲಗಳ ನಂತರ ಕತ್ತರಿಸುತ್ತದೆ. ಆ ತುಂಡುಗಳಲ್ಲಿ ಹೆಚ್ಚಿನವು ಅಸಿಟೋನೈಟ್ರೈಲ್ ಶೇ. 5ರಿಂದ 35ರೊಳಗೇ ಇಳಿದುಬಿಡುತ್ತವೆ. ನೀವು ಆ ಹಾದಿಯನ್ನು ಓಡಿ ದಾಟಿದ್ದೀರಿ. ಅಷ್ಟಕ್ಕೇ 90 ನಿಮಿಷ ಕೊಡಿ, ಶೇ. 80 ಕೊನೆಯಲ್ಲಿ ಕಾಲಂ ತೊಳೆಯಲು ಸಾಕು. ಟಿಎಫ್ಎ ಶಿಖರಗಳನ್ನು ಚೂಪಾಗಿಸುತ್ತದೆ ನಿಜ, ಆದರೆ ಪೆಪ್ಟೈಡ್‌ಗಳಿಗೆ ಅಂಟಿಕೊಂಡು ಮಾಸ್ ಸ್ಪೆಕ್ಟ್ರೋಮೀಟರಿಗೆ ಅವನ್ನು ಅಯಾನುಗಳಾಗಿ ಸಿಂಪಡಿಸುವ ಎಲೆಕ್ಟ್ರೋಸ್ಪ್ರೇಯಲ್ಲಿ ಸಂಕೇತವನ್ನು ಅಡಗಿಸುತ್ತದೆ. ಬದಲಿಗೆ ಶೇ. 0.1 ಫಾರ್ಮಿಕ್ ಆಮ್ಲ ಬಳಸಿ. ಅಂದಹಾಗೆ, ಬಿಸಿ ಹಿಂಡಿ ನನಗೆ ಹಿಡಿಸದು: ಕಾವಿಗೆ ಸಕ್ಕರೆ ಲೈಸಿನ್‌ಗೆ ಕೂಡಿಕೊಂಡರೆ ಟ್ರಿಪ್ಸಿನ್ ಅಲ್ಲಿ ಕತ್ತರಿಸುವುದಿಲ್ಲ. ಹಸಿ ಬೀಜವನ್ನೇ ಅರೆದು ಹೆಕ್ಸೇನ್‌ನಿಂದ ಎಣ್ಣೆ ತೆಗೆಯಿರಿ.

ಹರಿಹರದಿಂದ:
ಶೇಂಗಾ ಅಲರ್ಜಿ ತರುವ ಅರಾ ಎಚ್ 2 ಪ್ರೋಟೀನ್ ಬೇಕಿದ್ದರೆ ಅದನ್ನು ಬಿಗಿಹಿಡಿದ ಡೈಸಲ್ಫೈಡ್ (ಗಂಧಕದ) ಬಂಧಗಳನ್ನು ಮೊದಲು ಡಿಟಿಟಿ (ಡೈಥಯೋತ್ರೈಟಾಲ್) ಯಿಂದ ಬಿಡಿಸಿ, ಬಿಚ್ಚಿದ ತುದಿಗಳು ಮತ್ತೆ ಕೂಡದಂತೆ ಅಯೊಡೊಅಸಿಟಮೈಡ್‌ನಿಂದ ಕತ್ತಲಲ್ಲಿ ಮುಚ್ಚಿ. ಇಲ್ಲದಿದ್ದರೆ ಅದು ಟ್ರಿಪ್ಸಿನ್‌ಗೆ ಸುಲಭವಾಗಿ ಬಗ್ಗದು. ಆಮೇಲೂ ಆ ಗುಡ್ಡ ಕರಗದಿದ್ದರೆ ಕ್ಷಾರೀಯ ಪಿಎಚ್ 10ರಲ್ಲಿ ಒಮ್ಮೆ ಬೇರ್ಪಡಿಸಿ, ಪ್ರತಿ ಭಾಗವನ್ನೂ ಆಮ್ಲದಲ್ಲಿ ಮತ್ತೆ ಓಡಿಸಿ. ಪಿಎಚ್ ಬದಲಾದಾಗ ಪೆಪ್ಟೈಡ್‌ಗಳ ಸರದಿಯೂ ಬದಲಾಗುತ್ತದೆ.

ದಾವಣಗೆರೆ ವಿದ್ಯಾರ್ಥಿನಿ:
ಧನ್ಯವಾದ ಸರ್. ಫಾರ್ಮಿಕ್ ಆಮ್ಲ ನಮ್ಮಲ್ಲಿದೆ. ಟಿಎಫ್ಎ ಓಡಿದ ಕೊಳವೆಗಳನ್ನು ಎಷ್ಟು ಹೊತ್ತು ತೊಳೆಯಬೇಕು?

ಕೋಟೆಯೂರಿನವ:
ರಾತ್ರಿಯಿಡೀ. ಅದು ಸುಲಭಕ್ಕೆ ಬಿಡುವ ಪ್ರಾಣಿಯಲ್ಲ.