ಮೈದನಹಳ್ಳಿ ಕೃಷ್ಣಮೃಗ ಧಾಮ: ಜನವರಿಯಲ್ಲಿ ಬೆಳಗಿನ ಒಂದೆರಡು ಕಿ.ಮೀ. ನಡಿಗೆ

ಪ್ರಶ್ನೆ: ತುಮಕೂರಿನಿಂದ ಭಾನುವಾರ ಹೊರಟು ಎರಡು ಗಂಟೆ ನಡೆಯುವ ಯೋಚನೆ. ಅಮ್ಮನೂ ಬರ್ತಾರೆ, 62 ವರ್ಷ. ಎಷ್ಟೊತ್ತಿಗೆ ತಲುಪಬೇಕು? ಶೂ ಬೇಕಾ, ಚಪ್ಪಲಿ ಸಾಕಾ?

ಉತ್ತರ 1: ಸೂರ್ಯೋದಯ 6.45ರ ಸುಮಾರಿಗೆ, ಅಷ್ಟರಲ್ಲಿ ಅಲ್ಲಿರಿ. ಒಂಬತ್ತೂವರೆ ದಾಟಿದರೆ ನೆಲದ ಕಾವಿಗೆ ಗಾಳಿ ನಡುಗಿ ಬೈನಾಕ್ಯುಲರಿನಲ್ಲೂ ಎಲ್ಲ ಅಲುಗಾಡುತ್ತೆ. ಸೂರ್ಯ ಬೆನ್ನಿಗಿರುವಂತೆ ಪಶ್ಚಿಮಕ್ಕೆ ನಡೆದರೆ ಬಣ್ಣ ಸರಿಯಾಗಿ ಕಾಣುತ್ತೆ. ಬಲಿತ ಗಂಡು ಕಪ್ಪು, ಸುರುಳಿ ಕೊಂಬು. ಹೆಣ್ಣು ಕಂದು, ಕೊಂಬಿಲ್ಲ. ನೆಲ ಸಪಾಟು, ಅಮ್ಮನಿಗೆ ಕಷ್ಟವಾಗಲ್ಲ. ನೆರಳು ಮಾತ್ರ ಕಡಿಮೆ: ಟೋಪಿ, ತಲಾ ಒಂದು ಲೀಟರ್ ನೀರು.

ಉತ್ತರ 2: ಚಪ್ಪಲಿ ಖಂಡಿತ ಬೇಡ. ಒಣಗಿದ ಹುಲ್ಲಿನ ಚೂಪು ಬೀಜಗಳು ಕಾಲುಚೀಲದೊಳಗೆ ತಿರುಚಿಕೊಂಡು ಇಳಿಯುತ್ತವೆ. ಉಣ್ಣೆ ಬಟ್ಟೆ, ದಪ್ಪ ಹತ್ತಿ ಬಟ್ಟೆ ಎರಡಕ್ಕೂ ಕಚ್ಚಿಕೊಳ್ಳುತ್ತವೆ. ನುಣುಪಾದ ನೈಲಾನ್ ಪ್ಯಾಂಟನ್ನು ಶೂ ಮೇಲೆ ಇಳಿಬಿಡಿ.

ಉತ್ತರ 3: ಗಾಡಿ ಜಾಡು ಬಿಟ್ಟು ಹುಲ್ಲಿಗಿಳಿಯಬೇಡಿ. ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳು ಮರದಲ್ಲಲ್ಲ, ಹುಲ್ಲಿನ ನಡುವೆ ನೆಲದಲ್ಲೇ ರಾತ್ರಿ ಕಳೆಯುತ್ತವೆ. ಕೃಷ್ಣಮೃಗ ತಲೆಯೆತ್ತಿ ನಿಮ್ಮನ್ನೇ ನೋಡ್ತಿದ್ರೆ ನಿಂತುಬಿಡಿ. ಇನ್ನೆರಡು ಹೆಜ್ಜೆ ಇಟ್ಟರೆ ಹಿಂಡೇ ಓಡುತ್ತೆ. ಎದುರಿಗೆ ನೇರವಾಗಿ ಹೋಗೋದಕ್ಕಿಂತ ಓರೆಯಾಗಿ ನಡೆದರೆ ಹೆದರೋದು ಕಡಿಮೆ. ಡ್ರೋನ್, ನಾಯಿ ಮನೆಯಲ್ಲೇ ಇರಲಿ. ಇದು 2007ರಿಂದ ಸಂರಕ್ಷಣಾ ಮೀಸಲು, 798 ಎಕರೆ. ಹೊರಡುವ ಮೊದಲು ಮಧುಗಿರಿ ಅರಣ್ಯ ಕಚೇರಿಯಲ್ಲಿ ಅನುಮತಿ ವಿಚಾರಿಸಿ.

ಪ್ರಶ್ನೆ ಕೇಳಿದವರು: ಚಪ್ಪಲಿ ಕೈಬಿಟ್ಟೆ. ತಿಂಡಿ?

ಉತ್ತರ 1: ಮಧುಗಿರಿಯಲ್ಲೇ ಕಟ್ಟಿಸಿಕೊಳ್ಳಿ, ಅಷ್ಟು ಬೇಗ ತೆರೆದಿದ್ದರೆ!