ಸಹಾಯ ಬೇಕು: ಹಳೆಯ ಕಾರಿನ ಪವರ್ ವಿಂಡೋ ಗಾಜು ಮೇಲೇರುತ್ತಿಲ್ಲ

ನಮಸ್ಕಾರ. ನಮ್ಮ ಮನೆಯ ಕಾರು 2007ರದ್ದು. ಮೊನ್ನೆ ಆಗುಂಬೆಯ ಚೆಕ್‌ಪೋಸ್ಟ್‌ನಲ್ಲಿ ಚಾಲಕನ ಕಡೆಯ ಗಾಜು ಇಳಿಸಿದೆ. 'ಟಕ್' ಎಂಬ ಸದ್ದು. ಗಾಜು ಬಾಗಿಲೊಳಗೆ ಜಾರಿ ಕುಳಿತುಬಿಟ್ಟಿತು. ಗುಂಡಿ ಒತ್ತಿದರೆ ಮೋಟರ್ ಗುಂಯ್ ಎನ್ನುತ್ತದೆ, ಅಷ್ಟೇ. ತೀರ್ಥಹಳ್ಳಿಯವರೆಗೂ ಬಲತೋಳು ಮಳೆಯಲ್ಲಿ ತೊಯ್ದೇ ಬಂದೆ.

ಮನೆಯಲ್ಲಿ ಬಾಗಿಲಿನ ಒಳಹಲಗೆ ಬಿಚ್ಚಿ ನೋಡಿದೆ (ಎರಡು ಕ್ಲಿಪ್ ಮುರಿದವು, ಅದು ನನ್ನ ಆತುರ). ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಉಕ್ಕಿನ ಕೇಬಲ್ ಮೇಲಿನ ರಾಟೆಯ ಬಳಿ ಎಳೆ ಎಳೆಯಾಗಿ ಕಿತ್ತುಹೋಗಿದೆ. ಗಾಜಿಗೆ ಏಟಾಗಿಲ್ಲ. ಸದ್ಯಕ್ಕೆ ಅದನ್ನು ಕೈಯಿಂದ ಮೇಲೆತ್ತಿ, ಚೌಕಟ್ಟಿಗೆ ಅಗಲವಾದ ಟೇಪ್ ಸುತ್ತಿ ನಿಲ್ಲಿಸಿದ್ದೇನೆ. ನೋಡಲು ಬ್ಯಾಂಡೇಜ್ ಕಟ್ಟಿಸಿಕೊಂಡ ಹಾಗಿದೆ.

ಮೋಟರ್ ಸಮೇತ ಇಡೀ ಸೆಟ್ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಚೆನ್ನಾಗಿ ತಿರುಗುತ್ತಿರುವ ಮೋಟರನ್ನು ಏಕೆ ಎಸೆಯಬೇಕು? ರೆಗ್ಯುಲೇಟರ್ ಮಾತ್ರ ಹೊಸದು ತಂದು ಹಳೆಯ ಮೋಟರನ್ನೇ ಕೂರಿಸಿದವರು ಇದ್ದೀರಾ? ಬಿಚ್ಚುವಾಗ ಕೇಬಲ್ ಸುರುಳಿ ಸಡಿಲಗೊಳ್ಳದಂತೆ ಹೇಗೆ ಹಿಡಿಯಬೇಕು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಳಸಿದ ಸೆಟ್ ಸಿಕ್ಕರೆ ನಂಬಬಹುದೇ?

ಇನ್ನೊಂದು ಮಾತು. ನೀರು ತಡೆಯುವ ಒಳಗಿನ ಪ್ಲಾಸ್ಟಿಕ್ ಹಾಳೆ ನನ್ನ ಕೈಯಲ್ಲೇ ಹರಿಯಿತು. ಮಲೆನಾಡಿನ ಮಳೆಗೆ ಬಿಡದೆ ನಿಲ್ಲುವ ಅಂಟು ಯಾವುದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.