ಹಳೇ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಕ್ಲೋನ್ ಮಾಡಲು ಯಾವ ಟೂಲ್ ಒಳ್ಳೆಯದು?

ಅಚ್ಚುಮೊಳೆ, ಡೊಂಬಿವಲಿ:

ನಮಸ್ಕಾರ. ಮನೆಯ ಒಂದು ಮೂಲೆಯೇ ನನ್ನ ಡಿಟಿಪಿ ಅಂಗಡಿ. ಮದುವೆ ಕಾಗದ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು. ಹಳೇ ಡೆಸ್ಕ್‌ಟಾಪು, ವಿಂಡೋಸ್ 7, 500 ಜಿಬಿ ಹಾರ್ಡ್‌ಡಿಸ್ಕ್. ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪಿಸುವ ನುಡಿ, ಹನ್ನೆರಡು ವರ್ಷದ ಫೈಲುಗಳು ಎಲ್ಲ ಅದರಲ್ಲೇ. ಪೇಜ್‌ಮೇಕರ್ ಸಿಡಿ ಮನೆ ಬದಲಿಸುವಾಗ ಎಲ್ಲೋ ಹೋಯಿತು. ಹಾಗಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಮಾತೇ ಇಲ್ಲ. ಇದ್ದದ್ದು ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಬರಬೇಕು, ಅಂದರೆ ಕ್ಲೋನ್.

ಒಂದು ವಾರದಿಂದ ಫೈಲ್ ತೆರೆದರೆ ಡಬ್ಬದೊಳಗೆ ಯಾರೋ ಅಡಿಕೆ ಕತ್ತರಿಸುತ್ತಿರುವ ಸದ್ದು. ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 480 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ತಂದೆ. ಇನ್ನೂ ಪ್ಯಾಕೆಟ್ ಒಡೆದಿಲ್ಲ. ಮ್ಯಾಕ್ರಿಯಂ, ಕ್ಲೋನೆಝಿಲಾ, ಡಿಡಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸುಲಭ?

ವಾಶಿವಾಸಿ:

ಮ್ಯಾಕ್ರಿಯಂ ಫ್ರೀ ಹಾಕಿ. ನಾನು ಎರಡು ಲ್ಯಾಪ್‌ಟಾಪ್ ಮಾಡಿದ್ದೇನೆ. ಒಂದು ಗಂಟೆಯ ಕೆಲಸ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬೆಸುಗೆಗಡ್ಡಿ, ಪುಣೆ:

ಅದರ ಫ್ರೀ ಆವೃತ್ತಿಯನ್ನು 2024ಕ್ಕೇ ನಿಲ್ಲಿಸಿದ್ದಾರೆ. ಈಗ ಸಿಗುವುದು ಟ್ರಯಲ್. ಆದರೆ ಇಲ್ಲಿ ಟೂಲ್ ಯಾವುದು ಅನ್ನುವುದು ಆಮೇಲಿನ ಮಾತು. ಡಿಸ್ಕ್ ಎಷ್ಟು ಕೆಟ್ಟಿದೆ? ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ಸಿ5 ಸಾಲಿನ ಕೊನೆಯ ಅಂಕಿ ಹೇಳಿ. ಅಲ್ಲಿವರೆಗೆ ವಿಂಡೋಸಿನ ಡಿಸ್ಕ್ ರಿಪೇರಿ ಟೂಲು ಚೆಕ್‌ಡಿಸ್ಕ್ ಮಾತ್ರ ಓಡಿಸಬೇಡಿ, ಕೆಟ್ಟ ಡಿಸ್ಕಿಗೆ ಅದು ಇನ್ನಷ್ಟು ಹೊರೆ.

ಅಚ್ಚುಮೊಳೆ:

ಹಳದಿ ಬಣ್ಣದಲ್ಲಿ ಕಾಶನ್ ಅಂತಿದೆ. ಸಿ5 ಎದುರು ಸೊನ್ನೆಗಳಾದ ಮೇಲೆ 18.

ಬೆಸುಗೆಗಡ್ಡಿ, ಪುಣೆ:

ಆ 18 ಹದಿನೆಂಟಲ್ಲ. ಆ ಸಾಫ್ಟ್‌ವೇರ್ ಅಂಕಿಯನ್ನು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ತೋರಿಸುತ್ತದೆ, ಅಂದರೆ 16 ಕೂಡಿಸು 8, 24. ಓದಲು ತಕರಾರು ಮಾಡುವ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಅಷ್ಟಿವೆ. ಡಿಸ್ಕ್ ಗಟ್ಟಿಯಾಗಿದ್ದರೆ ನಾನು ಕಣ್ಣು ಮುಚ್ಚಿ ಕ್ಲೋನೆಝಿಲಾ ಅನ್ನುತ್ತಿದ್ದೆ. ತುಂಬಿದ ಜಾಗವನ್ನಷ್ಟೇ ನಕಲು ಮಾಡುತ್ತದೆ, ಬೇಗ ಮುಗಿಯುತ್ತದೆ. ಆದರೆ ಕೆಟ್ಟ ಸೆಕ್ಟರ್ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ. ರೆಸ್ಕ್ಯೂ ಅನ್ನುವ ಆಯ್ಕೆ ಅದರಲ್ಲೂ ಇದೆ, ನಿಮ್ಮ ಸ್ಥಿತಿಗೆ ಅದು ಸಾಲದು.

ನಿಮಗೆ ಬೇಕಾದ್ದು ಡಿಡಿರೆಸ್ಕ್ಯೂ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ತಕರಾರಿನ ಜಾಗ ಹಾರಿ ಮುಂದೆ ಹೋಗುತ್ತದೆ. ಕಮಾಂಡಿನಲ್ಲಿ ಮೈನಸ್ ಎನ್ (-n) ಕೊಟ್ಟರೆ ಕೆಟ್ಟ ಜಾಗವನ್ನು ಕೆರೆಯುವ ಕೆಲಸ ಆಮೇಲಕ್ಕೆ. ಎರಡನೇ ಸುತ್ತಿಗೆ ಮೈನಸ್ ಆರ್ 3, ಉಳಿದದ್ದನ್ನು ಮೂರು ಸಲ ಕೇಳಿ ನೋಡುತ್ತದೆ. ಎಲ್ಲಿವರೆಗೆ ಬಂತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಫೈಲನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಡಿ. ಸಿಸ್ಟಮ್‌ರೆಸ್ಕ್ಯೂ ಅನ್ನುವ ಲಿನಕ್ಸನ್ನು ರೂಫಸ್ ಟೂಲಿನಿಂದ ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದರೆ ಡಿಡಿರೆಸ್ಕ್ಯೂ ಅದರಲ್ಲೇ ಇರುತ್ತದೆ.

480 ಜಿಬಿ ವಾಪಸ್ ಕೊಡಿ. ಇದು ಖಾಲಿ ಜಾಗ ಸಮೇತ ಇಡೀ ಡಿಸ್ಕನ್ನು ನಕಲು ಮಾಡುತ್ತದೆ, ಹೊಸದು ಹಳೆಯದಕ್ಕಿಂತ ಚಿಕ್ಕದಿರಬಾರದು. ಸಿ ಡ್ರೈವನ್ನು ಕುಗ್ಗಿಸಿ ಹೊಂದಿಸಬಹುದು ಅನ್ನುವವರಿದ್ದಾರೆ. ಸಾಯುತ್ತಿರುವ ಡಿಸ್ಕಿನ ಮೇಲೆ ಆ ಕಸರತ್ತು ಬೇಡ. 1 ಟಿಬಿಯದ್ದೇ ತನ್ನಿ. ಆಗ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಹೊಡೆದರೆ ಹಳೆಯದು 465.8, ಹೊಸದು 931.5 ಅಂತ ಕಾಣುತ್ತದೆ (ಅದು 1024ರ ಲೆಕ್ಕ), ಲಿನಕ್ಸ್ ಕೊಟ್ಟ ಹೆಸರುಗಳಲ್ಲಿ ಎಸ್‌ಡಿಎ ಯಾವುದು ಎಸ್‌ಡಿಬಿ ಯಾವುದು ಅನ್ನುವ ಗೊಂದಲವಿಲ್ಲ. ಡಿಡಿರೆಸ್ಕ್ಯೂ ಕಮಾಂಡಿನಲ್ಲಿ ಮೊದಲು ಹಳೆಯದರ ಹೆಸರು, ಆಮೇಲೆ ಹೊಸದರದು. ನಾನು ಒಮ್ಮೆ ಒಂದೇ ಅಳತೆಯ ಎರಡು ಡಿಸ್ಕ್ ಇಟ್ಟುಕೊಂಡು ಖಾಲಿಯದನ್ನು ತುಂಬಿದ್ದರ ಮೇಲೆ ಹೊಡೆದೆ. ಅಕ್ಕನ ಮದುವೆ ಫೋಟೊ. ಅಕ್ಕ ಈಗಲೂ ಊಟಕ್ಕೆ ಕೂತಾಗ ಎತ್ತುತ್ತಾಳೆ.

ಯುಎಸ್‌ಬಿ ಕೇಬಲ್ ಬೇಡ, ಡೆಸ್ಕ್‌ಟಾಪ್ ಅಲ್ವಾ, ಎರಡನ್ನೂ ಮದರ್‌ಬೋರ್ಡಿನ ಸಾಟಾ ಸಾಕೆಟ್ಟಿಗೇ ಸಿಕ್ಕಿಸಿ. ಮುಗಿದ ಮೇಲೆ ಹಳೆಯದನ್ನು ಬಿಚ್ಚಿಯೇ ವಿಂಡೋಸ್ ಎಬ್ಬಿಸಿ. ಎರಡಕ್ಕೂ ಒಂದೇ ಸಿಗ್ನೇಚರ್ (ಡಿಸ್ಕಿನ ಗುರುತು ಸಂಖ್ಯೆ) ಇರುತ್ತದೆ, ಒಟ್ಟಿಗೆ ಕಂಡರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತಿದ್ದರೆ ಹಾಗೇ ಇರಲಿ. ಎಎಚ್‌ಸಿಐಗೆ ಬದಲಿಸಿದರೆ ನೀಲಿ ಪರದೆ ಗ್ಯಾರಂಟಿ ಅಂದುಕೊಳ್ಳಿ.

ವಾಶಿವಾಸಿ:

ನನ್ನ ಲ್ಯಾಪ್‌ಟಾಪುಗಳು ಆರೋಗ್ಯವಾಗಿದ್ದವು, ಈಗ ಗೊತ್ತಾಯಿತು. ಒಂದು ಮಾತು: ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಇರುವ ವಿಂಡೋಸ್ 10, 11ರವರು ಇದನ್ನು ಓದುತ್ತಿದ್ದರೆ, ಡಿಸ್ಕ್ ಮುಟ್ಟುವ ಮೊದಲು 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಅಚ್ಚುಮೊಳೆ:

ಆಯಿತು! ಅಂಗಡಿಯವರು ಗೊಣಗಿಕೊಂಡೇ ಬದಲಿಸಿ ಕೊಟ್ಟರು. ರಾತ್ರಿ ಹತ್ತಕ್ಕೆ ಶುರು ಮಾಡಿದೆ. ಎಂಟರ್ ಒತ್ತುವ ಮೊದಲು ಕಮಾಂಡಿನ ಸಾಲನ್ನು ಹೆಂಡತಿಯಿಂದಲೂ ಓದಿಸಿದೆ, ಪ್ರೂಫ್ ನೋಡುವುದು ಅವಳೇ. ರಾತ್ರಿ ಒಂದು ಗಂಟೆಯ ಹೊತ್ತಿಗೆ 99.99 ಶೇಕಡಾ ಬಂತು. ಉಳಿದ ಚೂರಿಗೆ ಬೆಳಗಿನವರೆಗೂ ಒದ್ದಾಡಿತು, ಸ್ವಲ್ಪವೇ ಸಿಕ್ಕಿತು. ಹಳೆಯದನ್ನು ಬಿಚ್ಚಿ, ಹೊಸದರ ಮೇಲೆ ಚೆಕ್‌ಡಿಸ್ಕ್ ಓಡಿಸಿದೆ. ಪೇಜ್‌ಮೇಕರ್ ತೆರೆಯಿತು, ನುಡಿಯ ಒತ್ತಕ್ಷರಗಳೂ ಜಾಗದಲ್ಲೇ ಇವೆ. ಇಲ್ಲಿವರೆಗೆ ಕೆಟ್ಟದ್ದು ಕಂಡದ್ದು ಒಂದೇ, ಸ್ಮರಣ ಸಂಚಿಕೆಗೆ ಬಂದಿದ್ದ ಹೋಟೆಲಿನ ಜಾಹೀರಾತು, ಅರ್ಧ ಚಿತ್ರ ಬೂದು ಬಣ್ಣ. ಅವರಿಗೆ ಫೋನ್ ಮಾಡಿದೆ. ವಾಟ್ಸಾಪಿನಲ್ಲಿ ಇನ್ನೊಂದು ಪ್ರತಿ ಕಳಿಸಿದ್ದಾರೆ, ಇಡ್ಲಿಯ ರೇಟು ಮಾತ್ರ ಹೊಸದು.